ವಿಂಡೋಸ್, ಮ್ಯಾಕ್, ಲಿನಕ್ಸ್: ಲಗ್ನಗಳ ಕಾಲದಲ್ಲಿ ಕೈಕೊಡದ ಕಂಪ್ಯೂಟರ್ ಯಾವುದು?

ಪ್ರಶ್ನೆ: ಅಕ್ಷರ ಜೋಡಣೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಅಶೋಕ ರಸ್ತೆಯ ಹತ್ತಿರ ಇಪ್ಪತ್ತೆರಡು ವರ್ಷಗಳಿಂದ ಡಿಟಿಪಿ (ಕಂಪ್ಯೂಟರ್‌ನಲ್ಲಿ ಪುಟ ಜೋಡಣೆ) ಮತ್ತು ಸಣ್ಣ ಪ್ರಮಾಣದ ಮುದ್ರಣದ ಅಂಗಡಿ ನಡೆಸುತ್ತಿದ್ದೇನೆ. ಲಗ್ನಪತ್ರಿಕೆ, ಗೃಹಪ್ರವೇಶದ ಆಹ್ವಾನ, ಶಿವಗಣಾರಾಧನೆಯ ಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರ ಇವೇ ನಮ್ಮ ಮುಖ್ಯ ಕೆಲಸ. ಅಂಗಡಿಯಲ್ಲಿ ನಾಲ್ಕು ಕಂಪ್ಯೂಟರ್‌ಗಳಿವೆ. ಎರಡು ಇಂಟೆಲ್ ನಾಲ್ಕನೆಯ ತಲೆಮಾರಿನವು, ಎರಡು ಆರನೆಯ ತಲೆಮಾರಿನವು. ನಾಲ್ಕರಲ್ಲಿಯೂ ವಿಂಡೋಸ್ 10 ಇದೆ. ಕನ್ನಡ ಟೈಪ್ ಮಾಡುವ ನುಡಿ, ಪುಟ ಜೋಡಿಸುವ ಪೇಜ್‌ಮೇಕರ್ 7, ಚಿತ್ರವಿನ್ಯಾಸದ ಕೋರೆಲ್‌ಡ್ರಾ ಈ ಮೂರರ ಮೇಲೆಯೇ ನಮ್ಮ ಜೀವನ ನಿಂತಿದೆ ಎಂದರೆ ತಪ್ಪಾಗದು.

ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಿಸೋಣವೆಂದರೆ ಅದಕ್ಕೆ ಎಂಟನೆಯ ತಲೆಮಾರಿನ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕೆಂಬ ಷರತ್ತು ಇರುವುದರಿಂದ ನಮ್ಮ ಒಂದು ಯಂತ್ರವೂ ಅರ್ಹವಲ್ಲ. ಬೆಂಗಳೂರಿನಲ್ಲಿ ಓದುತ್ತಿರುವ ಮಗ ಮ್ಯಾಕ್ ತೆಗೆದುಕೊಳ್ಳಿ, ಅದು ನಿಲ್ಲುವುದೇ ಇಲ್ಲ ಎನ್ನುತ್ತಾನೆ. ಚಿತ್ರದುರ್ಗದಲ್ಲಿರುವ ನನ್ನ ಭಾವಮೈದುನ ಹತ್ತು ವರ್ಷಗಳಿಂದ ಉಚಿತವಾಗಿ ಸಿಗುವ ಲಿನಕ್ಸ್ ವ್ಯವಸ್ಥೆಯನ್ನು ಬಳಸುವವರು. ಹಣ ಖರ್ಚು ಮಾಡುವ ಅಗತ್ಯವೇ ಇಲ್ಲ ಎಂಬುದು ಅವರ ಮಾತು. ಇಬ್ಬರೂ ಒಂದೇ ಊಟಕ್ಕೆ ಕುಳಿತರೆ ವಾದ ಮುಗಿಯುವುದಿಲ್ಲ.

ನನಗೆ ಬೇಕಿರುವುದು ಗೆದ್ದವರು ಯಾರು ಎಂಬ ತೀರ್ಪಲ್ಲ. ಮಾಘ ಮಾಸದಲ್ಲಿ ಒಂದು ರಾತ್ರಿ, ಎಂಟುನೂರು ಲಗ್ನಪತ್ರಿಕೆಗಳನ್ನು ಬೆಳಗಿನ ಬಸ್ಸಿಗೆ ಕೊಡಬೇಕಿದ್ದಾಗ, ಆರನೆಯ ತಲೆಮಾರಿನ ಒಂದು ಯಂತ್ರ ಮೂರು ಬಾರಿ ತಾನಾಗಿಯೇ ಆರಿ ಮತ್ತೆ ಹತ್ತಿಕೊಂಡಿತು. ಮೂರರಲ್ಲಿ ಎರಡು ಬಾರಿ ಲೇಸರ್ ಪ್ರಿಂಟರ್‌ಗೆ ಪ್ರಿಂಟ್ ಕೊಟ್ಟ ಕೂಡಲೇ ಹೀಗಾಯಿತು. ಕೊನೆಗೆ ಪತ್ರಿಕೆಗಳು ಸೇರಬೇಕಾದಲ್ಲಿಗೆ ಸೇರಿದವು, ಆದರೆ ಹೆಣ್ಣಿನ ತಂದೆ ನಮ್ಮ ಬಾಗಿಲಲ್ಲಿ ಎರಡು ಗಂಟೆ ಕಾದು ನಿಂತದ್ದನ್ನು ನಾನು ಮರೆಯಲಾರೆ. ವೈಶಾಖದ ಲಗ್ನಗಳು ಆರಂಭವಾಗುವುದರೊಳಗೆ ಒಂದು ನಿರ್ಧಾರಕ್ಕೆ ಬರಬೇಕಿದೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ: ನಿವೃತ್ತ ಉಪನ್ಯಾಸಕ, ಚಿತ್ರದುರ್ಗ

ಮಾನ್ಯರೇ, ತಮ್ಮ ಮಗನೂ ಭಾವಮೈದುನರೂ ಹೇಳುತ್ತಿರುವುದರಲ್ಲಿ ಒಂದು ಕಾಲದ ಸತ್ಯವಿದೆ. ಆದರೆ ಆ ಕಾಲ ಕಳೆದು ಇಪ್ಪತ್ತೈದು ವರ್ಷಗಳಾದವು. ಈ ಪೈಪೋಟಿಯ ಮೂಲವನ್ನು ಸ್ವಲ್ಪ ವಿವರವಾಗಿ ಹೇಳಲು ಅವಕಾಶ ಕೊಡಿ.

ಐಬಿಎಂ ಕಂಪನಿಯ ಪಿಸಿ 1981ರ ಆಗಸ್ಟ್‌ನಲ್ಲಿ ಬಂತು, ಆಪಲ್‌ನ ಮ್ಯಾಕಿಂಟಾಷ್ 1984ರ ಜನವರಿಯಲ್ಲಿ, ಮೊದಲ ವಿಂಡೋಸ್ 1985ರ ನವೆಂಬರ್‌ನಲ್ಲಿ. ಅಂದಿನ ಈ ವ್ಯವಸ್ಥೆಗಳೆಲ್ಲವೂ ಒಂದೇ ದೌರ್ಬಲ್ಯವನ್ನು ಹಂಚಿಕೊಂಡಿದ್ದವು: ಒಂದು ಪ್ರೋಗ್ರಾಂ ಇನ್ನೊಂದರ ಸ್ಮೃತಿಗೆ (ಮೆಮೊರಿಗೆ) ಕೈ ಹಾಕದಂತೆ ತಡೆಯುವ ಗೋಡೆ ಇರಲಿಲ್ಲ. ನಾಲ್ಕು ಮನೆಯವರು ಒಂದೇ ಕಣದಲ್ಲಿ, ನಡುವೆ ಒಂದು ಗೆರೆಯನ್ನೂ ಎಳೆಯದೆ ರಾಶಿ ಹಾಕಿದ್ದಾರೆ ಎಂದು ಭಾವಿಸಿ. ಒಬ್ಬರ ಎತ್ತು ಹಗ್ಗ ಬಿಚ್ಚಿಕೊಂಡರೆ ನಾಲ್ವರ ಕಾಳೂ ಹಾಳಾಗುತ್ತದೆ. ಮ್ಯಾಕ್‌ನಲ್ಲಿ ಆಗ ಬಾಂಬಿನ ಚಿತ್ರವೊಂದು ಮೂಡಿ ಯಂತ್ರ ನಿಲ್ಲುತ್ತಿತ್ತು. ಅದೂ ಅಲ್ಲದೆ, ಹಳೆಯ ಮ್ಯಾಕ್‌ನಲ್ಲಿ ಒಂದು ಪ್ರೋಗ್ರಾಂ ತಾನಾಗಿ ಸರದಿ ಬಿಟ್ಟುಕೊಟ್ಟರೆ ಮಾತ್ರ ಇನ್ನೊಂದು ನಡೆಯುತ್ತಿತ್ತು. 1985ರಲ್ಲಿಯೇ ಬಂದ ಕಮೋಡೋರ್ ಕಂಪನಿಯ ಅಮಿಗಾ ಸರದಿಯ ವಿಷಯದಲ್ಲಿ ಮ್ಯಾಕ್, ವಿಂಡೋಸ್ ಎರಡಕ್ಕಿಂತ ಬಹಳ ಮುಂದಿತ್ತು. ಆದರೂ ಸ್ಮೃತಿಯ ಗೋಡೆ ಅದರಲ್ಲಿಯೂ ಇರಲಿಲ್ಲ. ಅಷ್ಟು ಒಳ್ಳೆಯ ಯಂತ್ರ ಮಾರುಕಟ್ಟೆಯಲ್ಲಿ ಉಳಿಯಲಿಲ್ಲವಲ್ಲ ಎಂದು ನನಗೆ ಇಂದಿಗೂ ಬೇಸರವಿದೆ.

ವಿಂಡೋಸ್ 95 ಮತ್ತು 98ರಲ್ಲಿ ಗೋಡೆ ಅರ್ಧದಷ್ಟು ಎದ್ದಿತ್ತು. ಅವುಗಳಲ್ಲಿದ್ದ ಒಂದು ದೋಷವನ್ನು ನಾನು ತರಗತಿಯಲ್ಲಿ ಪ್ರತಿವರ್ಷ ಹೇಳುತ್ತಿದ್ದೆ. ಯಂತ್ರ ಆನ್ ಆದಾಗಿನಿಂದ ಕಳೆದ ಸಮಯವನ್ನು ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಎಣಿಸುವ 32 ಬಿಟ್‌ಗಳ ಎಣಿಕೆ ಸುಮಾರು 49.7 ದಿನಗಳಿಗೆ ತುಂಬಿ ಸೊನ್ನೆಗೆ ಮರಳುತ್ತಿತ್ತು, ಆಗ ಯಂತ್ರ ಸ್ತಬ್ಧವಾಗುತ್ತಿತ್ತು. ಈ ದೋಷ ಬೆಳಕಿಗೆ ಬಂದು ಪರಿಹಾರ ಹೊರಬಂದದ್ದು 1999ರಲ್ಲಿ. ನಡುವಿನ ನಾಲ್ಕು ವರ್ಷ ಅದು ಗಮನಕ್ಕೆ ಬಾರದೆ ಉಳಿಯಿತೆಂದರೆ, ಅಷ್ಟು ದಿನ ನಿಲ್ಲದೆ ನಡೆದ ಯಂತ್ರಗಳೇ ವಿರಳವಾಗಿದ್ದವು ಎಂದು ಊಹಿಸಬಹುದು.

ಗೋಡೆಯನ್ನು ಪೂರ್ತಿಯಾಗಿ ಕಟ್ಟಿದ ವಿಂಡೋಸ್ ಎನ್‌ಟಿ 1993ರಲ್ಲಿಯೇ ಬಂದಿತ್ತು. ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯಿಂದ ಮೈಕ್ರೋಸಾಫ್ಟ್‌ಗೆ ಬಂದ ಡೇವ್ ಕಟ್ಲರ್ ಅದರ ನಿರ್ಮಾಣದ ಮುಂದಾಳು. ಆದರೆ ಅದಕ್ಕೆ ಬೇಕಾದ ಸ್ಮೃತಿ ಅಂದಿನ ಬೆಲೆಯಲ್ಲಿ ಮನೆಯವರ ಕೈಗೆಟುಕುವಂತಿರಲಿಲ್ಲ. 2001ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಎನ್‌ಟಿಯ ಆ ತಿರುಳನ್ನು (ಕರ್ನಲ್, ಅಂದರೆ ವ್ಯವಸ್ಥೆಯ ಒಳಗಿನ ಮೂಲಭಾಗ) ಮನೆಮನೆಗೆ ತಂದಿತು. ಅದೇ ವರ್ಷದ ಮಾರ್ಚ್‌ನಲ್ಲಿ ಆಪಲ್ ಕೂಡ ಯುನಿಕ್ಸ್ ಎಂಬ ಹಳೆಯ ವ್ಯವಸ್ಥೆಯ ಮೂಲದ ಮ್ಯಾಕ್ ಓಎಸ್ ಟೆನ್ ಬಿಡುಗಡೆ ಮಾಡಿತು. ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್‌ನಲ್ಲಿ ಈ ಗೋಡೆ ಮೊದಲಿನಿಂದಲೂ ಇತ್ತು. ಹಾಗಾಗಿ 2001ರ ನಂತರ ಮೂರೂ ವ್ಯವಸ್ಥೆಗಳ ಅಡಿಪಾಯ ಗಟ್ಟಿಯೇ. ಅದಕ್ಕೆ ಮುಂಚಿನ ಅನುಭವದಿಂದ ಹುಟ್ಟಿದ ಮಾತುಗಳು ಇಂದಿಗೂ ಬಾಯಿಂದ ಬಾಯಿಗೆ ಸಾಗುತ್ತಿವೆ.

ಹಾಗಾದರೆ ಈಗಲೂ ಯಂತ್ರಗಳು ಏಕೆ ಬೀಳುತ್ತವೆ? ಮುಖ್ಯವಾಗಿ, ಗೋಡೆಯ ಒಳಗೆ ನಾವೇ ಕರೆದುಕೊಂಡ ತಂತ್ರಾಂಶಗಳಿಂದ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ದೋಷ ಸೂಚಿಸುವ ನೀಲಿ ಪರದೆಯಲ್ಲಿ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಆ ತಂತ್ರಾಂಶ ವಿಂಡೋಸ್‌ನ ತಿರುಳಿನೊಳಗೇ ಕುಳಿತು ಕೆಲಸ ಮಾಡುತ್ತಿತ್ತು. ಆಪಲ್ 2019ರಿಂದೀಚೆಗೆ ಹೊರಗಿನವರಿಗೆ ತಿರುಳಿನೊಳಗಿನ ಪ್ರವೇಶವನ್ನು ಹಂತಹಂತವಾಗಿ ಬಿಗಿ ಮಾಡುತ್ತ ಬಂದಿದೆ. ತಮ್ಮ ಮಗನ ವಾದಕ್ಕೆ ಇಂದು ಉಳಿದಿರುವ ಬಲವಾದ ಆಧಾರವೆಂದರೆ ಇದು.

ಉತ್ತರ: ಹೊಳಲ್ಕೆರೆ ರಸ್ತೆ ರಿಪೇರಿ, ಚಿತ್ರದುರ್ಗ

ಉಪನ್ಯಾಸಕರು ಹೇಳಿದ ಇತಿಹಾಸವನ್ನು ಓದಿ ಸಂತೋಷವಾಯಿತು. ನಾನು ಹದಿನೆಂಟು ವರ್ಷಗಳಿಂದ ಕಂಪ್ಯೂಟರ್ ದುರಸ್ತಿ ಮಾಡುತ್ತಿರುವವನು. ನಾನು ಸ್ಕ್ರೂ ಬಿಚ್ಚಿ ಕಂಡದ್ದನ್ನು ಹೇಳುತ್ತೇನೆ.

ಅಣ್ಣಾವ್ರೇ, ನಿಮ್ಮ ಪ್ರಶ್ನೆಯಲ್ಲಿ ಒಂದು ವಾಕ್ಯ ನನ್ನ ಕಣ್ಣಿಗೆ ಬಿತ್ತು: ಲೇಸರ್ ಪ್ರಿಂಟರ್‌ಗೆ ಪ್ರಿಂಟ್ ಕೊಟ್ಟ ಕೂಡಲೇ ಯಂತ್ರ ಆರಿತು ಎಂದಿದ್ದೀರಿ. ಪ್ರಿಂಟರ್ ಮತ್ತು ಕಂಪ್ಯೂಟರ್ ಒಂದೇ ಯುಪಿಎಸ್ ಮೇಲೆ ಇವೆಯೇ ನೋಡಿ. ಲೇಸರ್ ಪ್ರಿಂಟರ್‌ನಲ್ಲಿ ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಫ್ಯೂಸರ್ ಎಂಬ ಭಾಗವಿದೆ. ಅದು ಬಿಸಿಯಾಗುವಾಗ ಕೆಲವು ಕ್ಷಣ ಒಂದು ಇಸ್ತ್ರಿಪೆಟ್ಟಿಗೆಯಷ್ಟು ವಿದ್ಯುತ್ ಎಳೆಯುತ್ತದೆ. ಅಂಗಡಿಗಳಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್ ಕೊಡಬಲ್ಲದ್ದು ಸುಮಾರು 360 ವ್ಯಾಟ್ ಮಾತ್ರ. ಫ್ಯೂಸರ್ ಎಳೆದ ಏಟಿಗೆ ಯುಪಿಎಸ್ ಕುಸಿಯುತ್ತದೆ, ಅದರ ಹಿಂದೆಯೇ ಕಂಪ್ಯೂಟರ್ ಆರುತ್ತದೆ. ಆ ಯಂತ್ರದಲ್ಲಿ ಮ್ಯಾಕ್ ವ್ಯವಸ್ಥೆ ಇದ್ದರೂ ಲಿನಕ್ಸ್ ಇದ್ದರೂ ಆರುತ್ತಿತ್ತು.

ಇದನ್ನು ಊಹೆಗೆ ಬಿಡಬೇಕಾಗಿಲ್ಲ. ವಿಂಡೋಸ್‌ನಲ್ಲಿ ಈವೆಂಟ್ ವ್ಯೂವರ್ ತೆರೆದು, ಸಿಸ್ಟಂ ವಿಭಾಗದಲ್ಲಿ ಆ ರಾತ್ರಿಯ ದಿನಾಂಕಕ್ಕೆ ಹೋಗಿ. ಕರ್ನಲ್-ಪವರ್ 41 ಎಂಬ ದಾಖಲೆ ಇರುತ್ತದೆ. ಸರಿಯಾಗಿ ಶಟ್‌ಡೌನ್ ಆಗದೆ ಯಂತ್ರ ಮತ್ತೆ ಆನ್ ಆಯಿತು ಎಂಬುದಷ್ಟೇ ಅದರ ಅರ್ಥ. ಅದರ ವಿವರಗಳಲ್ಲಿ ಬಗ್‌ಚೆಕ್ ಕೋಡ್ ಎಂಬ ಸಾಲು ನೋಡಿ. ಅಲ್ಲಿ ಸೊನ್ನೆ ಇದ್ದರೆ ನೀಲಿ ಪರದೆ ದಾಖಲಾಗಿಲ್ಲ ಎಂದು ಅರ್ಥ. ಆಗ ವಿದ್ಯುತ್ ಅಥವಾ ಕಾವಿನ ಕಡೆಗೆ ಮೊದಲು ಅನುಮಾನಪಡಬೇಕು. ಸೊನ್ನೆಯಲ್ಲದ ಸಂಖ್ಯೆ ಇದ್ದರೆ ಡ್ರೈವರ್, ರ‍್ಯಾಮ್ ಮುಂತಾದವುಗಳ ಕಡೆ ನೋಡಬೇಕು.

ಇನ್ನೊಂದು ಮಾತು ಮುದ್ರಣದ ಅಂಗಡಿಯವರಿಗೆ ವಿಶೇಷವಾಗಿ ಹೇಳಬೇಕು. ನಿಮ್ಮಲ್ಲಿ ಕಟಿಂಗ್ ಮಷೀನ್ ಇದ್ದೇ ಇರುತ್ತದೆ. ಕಾಗದ ಕತ್ತರಿಸುವಾಗ ಏಳುವ ಸಣ್ಣ ನಾರು ಸಾಮಾನ್ಯ ದೂಳಿನಂತೆ ಉದುರುವುದಿಲ್ಲ, ಹೆಣೆದುಕೊಳ್ಳುತ್ತದೆ. ಹೋದ ಬೇಸಿಗೆಯಲ್ಲಿ ಇಂಥದೇ ಒಂದು ಅಂಗಡಿಯ ಯಂತ್ರ ನನ್ನ ಮೇಜಿಗೆ ಬಂದಿತ್ತು. ಪಕ್ಕದ ತಗಡು ತೆಗೆದು ಪ್ರೊಸೆಸರ್ ಮೇಲಿನ ಫ್ಯಾನ್ ಬಿಚ್ಚಿದಾಗ, ಅದರ ಕೆಳಗೆ ಹೀಟ್ ಸಿಂಕ್‌ನ ಅಲ್ಯೂಮಿನಿಯಂ ಹಲ್ಲುಗಳೇ ಕಾಣಲಿಲ್ಲ. ಬೂದುಬಣ್ಣದ ಕಂಬಳಿಯ ತುಂಡೊಂದು ದುಂಡಗೆ ಕೂತಿತ್ತು. ಉಗುರಿನಿಂದ ಒಂದು ಅಂಚನ್ನು ಎತ್ತಿದರೆ ರೊಟ್ಟಿಯಂತೆ ಇಡಿಯಾಗಿ ಎದ್ದುಬಂತು. ಅದರ ಕೆಳಗೆ ಪ್ರೊಸೆಸರ್‌ಗೆ ಹಚ್ಚಿದ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಕ್ಕಳೆಯಾಗಿತ್ತು. ಆ ಅಂಗಡಿಯವರು ಅದಕ್ಕೂ ಮುಂಚೆ ಎರಡು ಬಾರಿ ಆಪರೇಟಿಂಗ್ ಸಿಸ್ಟಂ ಹೊಸದಾಗಿ ಹಾಕಿಸಿ ಹಣ ಕೊಟ್ಟಿದ್ದರು. ಕಂಬಳಿ ತೆಗೆದು ಹೊಸ ಪೇಸ್ಟ್ ಹಚ್ಚಿದ ಮೇಲೆ ಯಂತ್ರ ಮತ್ತೆ ನನ್ನ ಹತ್ತಿರ ಬಂದಿಲ್ಲ.

ಮ್ಯಾಕ್ ಗಟ್ಟಿ ಎಂಬ ಹೆಸರು ಬಂದದ್ದಕ್ಕೆ ಒಂದು ಕಾರಣ ಇಲ್ಲಿಯೂ ಇದೆ ಎಂದು ನನ್ನ ಅಭಿಪ್ರಾಯ. ಯಂತ್ರವನ್ನೂ ವ್ಯವಸ್ಥೆಯನ್ನೂ ಒಂದೇ ಕಂಪನಿ ಮಾಡುತ್ತದೆ, ಆಯ್ದ ಬಿಡಿಭಾಗಗಳನ್ನೇ ಹಾಕುತ್ತದೆ. ವಿಂಡೋಸ್ ಮಾತ್ರ ಐನೂರು ರೂಪಾಯಿಯ ಎಸ್‌ಎಂಪಿಎಸ್ (ಯಂತ್ರದೊಳಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಮೇಲೆಯೂ ನಡೆಯಬೇಕು, ಐದು ಸಾವಿರದ್ದರ ಮೇಲೆಯೂ ನಡೆಯಬೇಕು. ಅಗ್ಗದ ಎಸ್‌ಎಂಪಿಎಸ್‌ನಲ್ಲಿ ಕೆಪಾಸಿಟರ್ ಉಬ್ಬಿ ಹೊಟ್ಟೆ ಬಂದರೆ ದೂರು ಪರದೆಯ ಮೇಲೆ ಕಾಣುವ ಹೆಸರಿಗೇ ಹೋಗುತ್ತದೆ. ಆದರೆ ಹೊಸ ಮ್ಯಾಕ್ ಕೆಟ್ಟರೆ ನನ್ನಂಥವನು ಮಾಡಬಹುದಾದದ್ದು ಬಹಳ ಕಡಿಮೆ. ಅದರಲ್ಲಿ ರ‍್ಯಾಮ್ ಪ್ರೊಸೆಸರ್ ಜೊತೆಗೇ ಸೇರಿರುತ್ತದೆ, ಆಮೇಲೆ ಹೆಚ್ಚಿಸುವುದಕ್ಕೂ ಬದಲಿಸುವುದಕ್ಕೂ ಬರುವುದಿಲ್ಲ. ನಾಳೆ ಬೆಳಿಗ್ಗೆ ಪತ್ರಿಕೆ ಕೊಡಬೇಕಾದವನಿಗೆ, ಇಂದು ರಾತ್ರಿ ಊರಿನಲ್ಲಿಯೇ ರಿಪೇರಿ ಸಿಗುವುದೂ ನಂಬಿಕೆಯ ಒಂದು ಭಾಗವೇ.

ಅಕ್ಷರ ಜೋಡಣೆ, ದಾವಣಗೆರೆ

ಸರ್, ನೀವು ಹೇಳಿದಂತೆ ನೋಡಿದೆ. ಮೂರು ದಾಖಲೆಗಳಿವೆ, ಮೂರರಲ್ಲಿಯೂ ಬಗ್‌ಚೆಕ್ ಕೋಡ್ ಸೊನ್ನೆ. ಪ್ರಿಂಟರ್ ಅದೇ ಯುಪಿಎಸ್ ಮೇಲೆಯೇ ಇತ್ತು. ಎಕ್ಸ್‌ಟೆನ್ಷನ್ ಬಾಕ್ಸ್ ಕೊಂಡಾಗ ನಾನೇ ಜೋಡಿಸಿದ್ದೆ. ಈಗ ಅದನ್ನು ಗೋಡೆಯ ಬೇರೆ ಪ್ಲಗ್‌ಗೆ ಬದಲಿಸಿದ್ದೇನೆ. ಆದರೂ ವಿಂಡೋಸ್ 10ರ ಬೆಂಬಲ ಮುಗಿದ ಪ್ರಶ್ನೆ ಹಾಗೆಯೇ ಉಳಿದಿದೆ. ಗಿರಾಕಿಗಳ ಪೆನ್‌ಡ್ರೈವ್‌ಗಳು ದಿನಕ್ಕೆ ಹತ್ತಾರು ಬರುತ್ತವೆ.

ಉತ್ತರ: ಪುಸ್ತಕ ವಿನ್ಯಾಸ, ವಿದ್ಯಾನಗರ, ದಾವಣಗೆರೆ

ನಾನು ಹನ್ನೊಂದು ವರ್ಷಗಳಿಂದ ಮ್ಯಾಕ್‌ನಲ್ಲಿ ಪುಸ್ತಕಗಳ ಒಳಪುಟ ಮತ್ತು ಮುಖಪುಟ ಮಾಡುತ್ತಿರುವವಳು. ಮ್ಯಾಕ್ ಬಗ್ಗೆ ನನಗೆ ಪ್ರೀತಿ ಇದೆ, ಆ ಪ್ರೀತಿಯಿಂದಲೇ ಹೇಳುತ್ತೇನೆ: ನಿಮ್ಮ ಅಂಗಡಿಗೆ ಅದು ಈಗ ಹೊಂದುವುದಿಲ್ಲ. ಕಾರಣ ಮ್ಯಾಕ್‌ನಲ್ಲಿ ಇಲ್ಲ, ನಿಮ್ಮ ಹಳೆಯ ಫೈಲ್‌ಗಳಲ್ಲಿ ಇದೆ.

ಪೇಜ್‌ಮೇಕರ್ ಹುಟ್ಟಿದ್ದೇ ಮ್ಯಾಕ್‌ಗಾಗಿ, 1985ರಲ್ಲಿ. ಮ್ಯಾಕ್, ಲೇಸರ್‌ರೈಟರ್ ಪ್ರಿಂಟರ್ ಮತ್ತು ಪೇಜ್‌ಮೇಕರ್ ಸೇರಿಯೇ ಡಿಟಿಪಿ ಎಂಬ ಕಸುಬನ್ನು ಹುಟ್ಟಿಸಿದವು. ಆದರೆ ಇಂದು ಆ ಪೇಜ್‌ಮೇಕರ್ ಯಾವ ಹೊಸ ಮ್ಯಾಕ್‌ನಲ್ಲಿಯೂ ನಡೆಯುವುದಿಲ್ಲ. ಆಪಲ್ 1994ರಲ್ಲಿ ಒಮ್ಮೆ, 2006ರಲ್ಲಿ ಒಮ್ಮೆ, 2020ರಲ್ಲಿ ಒಮ್ಮೆ ಪ್ರೊಸೆಸರ್‌ಗಳ ಕುಲವನ್ನೇ ಬದಲಿಸಿತು; 2019ರ ಕ್ಯಾಟಲಿನಾ ಆವೃತ್ತಿಯಲ್ಲಿ ಹಳೆಯ ಬಗೆಯ 32 ಬಿಟ್ ತಂತ್ರಾಂಶಗಳನ್ನೆಲ್ಲ ಕೈಬಿಟ್ಟಿತು. ಹಳೆಯದನ್ನು ಬಿಡುವುದರಿಂದಲೇ ಅದು ಹಗುರವಾಗಿ, ಚುರುಕಾಗಿ ಉಳಿದಿದೆ. ಮೈಕ್ರೋಸಾಫ್ಟ್ ಇದಕ್ಕೆ ವಿರುದ್ಧವಾದ ದಾರಿ ಹಿಡಿಯಿತು. 2001ರ ಪೇಜ್‌ಮೇಕರ್ 7 ನಿಮ್ಮ ವಿಂಡೋಸ್ 10ರಲ್ಲಿ ಇಂದಿಗೂ ತೆರೆಯುತ್ತಿದೆಯಲ್ಲವೇ? ಆದರೆ ಬೆಂಬಲ ನಿಲ್ಲಿಸುವ ವಿಷಯದಲ್ಲಿ ಇಬ್ಬರೂ ಒಂದೇ. ಇಂಟೆಲ್ ಪ್ರೊಸೆಸರ್ ಇರುವ ಮ್ಯಾಕ್‌ಗಳಿಗೆ 2025ರ ಟಾಹೋ ಆವೃತ್ತಿಯೇ ಕೊನೆಯದು ಎಂದು ಆಪಲ್ ಹೇಳಿಬಿಟ್ಟಿದೆ. ಹಾಗಾಗಿ ಯಾರಾದರೂ ಅಗ್ಗಕ್ಕೆ ಹಳೆಯ ಇಂಟೆಲ್ ಮ್ಯಾಕ್ ಕೊಡುತ್ತೇನೆಂದರೆ ದಯವಿಟ್ಟು ತೆಗೆದುಕೊಳ್ಳಬೇಡಿ.

ಇದಕ್ಕಿಂತ ದೊಡ್ಡ ಮಾತು ಕನ್ನಡದ್ದು. ಹಳೆಯ ನುಡಿ ಫಾಂಟ್‌ನಲ್ಲಿ ನೀವು 'ಕನ್ನಡ' ಎಂದು ಜೋಡಿಸಿದಾಗ ಫೈಲ್‌ನೊಳಗೆ ಕನ್ನಡದ ಒಂದು ಅಕ್ಷರವೂ ಸೇರುವುದಿಲ್ಲ. ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಹೀಗೆ ಚೂರುಗಳು ಸೇರುತ್ತವೆ. ಆ ಚೂರುಗಳಿಗೆ ಕನ್ನಡದ ಆಕಾರ ತೊಡಿಸುವುದು ಫಾಂಟ್ ಮಾತ್ರ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಪೌಂಡ್ ಚಿಹ್ನೆಗಳ ರಾಶಿಯೇ ಕಾಣುತ್ತದೆ. ಯಂತ್ರ ಕೆಟ್ಟರೆ ಹೊಸದನ್ನು ಕೊಳ್ಳಬಹುದು, ಆದರೆ ಇಪ್ಪತ್ತೆರಡು ವರ್ಷದ ಬರಹ ಹೀಗೆ ಒಂದೇ ಫಾಂಟ್‌ನ ಕೈಯಲ್ಲಿ ಸಿಕ್ಕಿಕೊಂಡಿರುವುದು ನನಗೆ ನಿಜವಾದ ಅಪಾಯವಾಗಿ ಕಾಣುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತ ಪದ್ಧತಿಯಾದ ಯುನಿಕೋಡ್‌ನಲ್ಲಿ ಮಾತ್ರ 'ಕ' ಎಂಬುದು 'ಕ' ಆಗಿಯೇ ಉಳಿಯುತ್ತದೆ, ಮೂರೂ ವ್ಯವಸ್ಥೆಗಳಲ್ಲಿ ಒಂದೇ ರೀತಿ ತೆರೆಯುತ್ತದೆ. ನೀವು ಇಂದು ಯಾವ ಯಂತ್ರ ಕೊಂಡರೂ, ಮೊದಲು ಫೈಲ್‌ಗಳನ್ನು ಯುನಿಕೋಡ್‌ಗೆ ಪರಿವರ್ತಿಸುವ ಕೆಲಸ ಆರಂಭಿಸಿ. ಆ ಮೇಲೆ ಯಾವ ಕಂಪನಿಯೂ ನಿಮ್ಮನ್ನು ಕಟ್ಟಿಹಾಕಲಾರದು.

ಉತ್ತರ: ಶಾಲಾ ಲ್ಯಾಬ್, ಚಳ್ಳಕೆರೆ

ನಾನು ಶಿಕ್ಷಕ. ನಮ್ಮ ಶಾಲೆಯಲ್ಲಿ ದಾನವಾಗಿ ಬಂದ ಹನ್ನೆರಡು ಹಳೆಯ ಯಂತ್ರಗಳಲ್ಲಿ ಉಬುಂಟು ಎಂಬ ಲಿನಕ್ಸ್ ಹಾಕಿಕೊಂಡು ಐದು ವರ್ಷ ಕಳೆದಿವೆ. ಎರಡು ಹಾರ್ಡ್ ಡಿಸ್ಕ್ ಹೋದವು, ಅದು ಬಿಟ್ಟರೆ ವ್ಯವಸ್ಥೆಯಿಂದ ತೊಂದರೆ ಆಗಿಲ್ಲ. ಕನ್ನಡ ಟೈಪ್ ಮಾಡಲು ಐಬಸ್ ಎಂಬ ತಂತ್ರಾಂಶ ಸಾಕು, ಮಕ್ಕಳು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿಯೇ ಕಲಿಯುತ್ತಿದ್ದಾರೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಇದೇ ಬಗೆಯ ಸ್ವತಂತ್ರ ತಂತ್ರಾಂಶ ಬಹಳ ವರ್ಷಗಳಿಂದ ನಡೆಯುತ್ತಿದೆ.

ಆದರೆ ಕೋರೆಲ್‌ಡ್ರಾಗೆ ಲಿನಕ್ಸ್ ಆವೃತ್ತಿ ಇಲ್ಲ. ಕೆಲವು ಲೇಸರ್ ಪ್ರಿಂಟರ್‌ಗಳಿಗೆ ಡ್ರೈವರ್ ಸಿಗುವುದಿಲ್ಲ. ಇದನ್ನು ಮುಚ್ಚಿಟ್ಟು ಸಲಹೆ ಕೊಡುವುದು ಸರಿಯಲ್ಲ. ಲಿನಕ್ಸ್‌ಗೆ ಅಪಾಯವೇ ಇಲ್ಲ ಎಂಬ ಮಾತೂ ಸರಿಯಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶದೊಳಗೆ ಯಾರೋ ಕಳ್ಳಬಾಗಿಲು ಇಟ್ಟಿದ್ದು ಪತ್ತೆಯಾಯಿತು. ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನುಹತ್ತಿ ಹೋದದ್ದರಿಂದ ಅದು ಹೆಚ್ಚು ಕಡೆ ಹರಡುವ ಮೊದಲೇ ಸಿಕ್ಕಿಬಿತ್ತು. ಅವರು ಕೆಲಸ ಮಾಡುತ್ತಿದ್ದದ್ದು ಮೈಕ್ರೋಸಾಫ್ಟ್‌ನಲ್ಲಿ.

ತಮ್ಮ ವಿಷಯದಲ್ಲಿ ನನ್ನ ಸಲಹೆ ಇದು: ಗಿರಾಕಿಗಳ ಪೆನ್‌ಡ್ರೈವ್ ತೆರೆಯುವುದಕ್ಕೆ, ಇಮೇಲ್ ನೋಡುವುದಕ್ಕೆ ನಾಲ್ಕನೆಯ ತಲೆಮಾರಿನ ಒಂದು ಯಂತ್ರದಲ್ಲಿ ಲಿನಕ್ಸ್ ಹಾಕಿ. ವಿಂಡೋಸ್‌ಗಾಗಿ ಬರೆದ ವೈರಸ್ ಅಲ್ಲಿ ಓಡುವುದಿಲ್ಲ. ಫೈಲ್ ಒಳಗೇ ಕೂತು ಮುಂದಿನ ಯಂತ್ರಕ್ಕೆ ದಾಟಬಹುದು ಎಂಬ ಎಚ್ಚರ ಮಾತ್ರ ಇರಲಿ. ಪೇಜ್‌ಮೇಕರ್ ಯಂತ್ರಕ್ಕೆ ಇಂಟರ್‌ನೆಟ್ ಕೇಬಲ್ ಬೇಡ. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಎಂಬ ಕುತಂತ್ರಾಂಶ ಹರಡಿದ್ದು ನೆಟ್‌ವರ್ಕ್ ಮೂಲಕ. ಅದು ಬಳಸಿಕೊಂಡ ಕಿಂಡಿಯನ್ನು ಮುಚ್ಚುವ ಅಪ್‌ಡೇಟ್ ಎರಡು ತಿಂಗಳು ಮೊದಲೇ ಬಂದಿತ್ತು, ಹಾಕಿಕೊಳ್ಳದ ಯಂತ್ರಗಳೇ ಅದಕ್ಕೆ ಸಿಕ್ಕಿದವು. ವಿಂಡೋಸ್ 10ಕ್ಕೆ ಇನ್ನೊಂದು ವರ್ಷದ, ಅಂದರೆ 2026ರ ಅಕ್ಟೋಬರ್‌ವರೆಗಿನ, ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪಡೆಯುವ ಅವಕಾಶವನ್ನು ಮೈಕ್ರೋಸಾಫ್ಟ್ ಕೊಟ್ಟಿದೆ. ಅದಕ್ಕೆ ನೋಂದಾಯಿಸಿಕೊಂಡರೆ ಆತುರದಲ್ಲಿ ಕೊಳ್ಳುವ ಕಷ್ಟ ತಪ್ಪುತ್ತದೆ.

ಅಕ್ಷರ ಜೋಡಣೆ, ದಾವಣಗೆರೆ

ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರ ಕಳೆದಿವೆ. ಪ್ರಿಂಟರ್ ಬೇರೆ ಪ್ಲಗ್‌ಗೆ ಹೋದ ಮೇಲೆ ಆ ಯಂತ್ರ ಒಮ್ಮೆಯೂ ಆರಿಲ್ಲ. ನಾಲ್ಕನ್ನೂ ಬಿಚ್ಚಿಸಿ ನೋಡಿದೆವು. ರಿಪೇರಿ ಸರ್ ಹೇಳಿದ ಕಂಬಳಿ ಎರಡರಲ್ಲಿ ಇತ್ತು, ಕಟಿಂಗ್ ಮಷೀನ್‌ಗೆ ಹತ್ತಿರವಿದ್ದ ಎರಡರಲ್ಲಿಯೇ. ಈಗ ಮೇಜುಗಳ ಜಾಗ ಬದಲಿಸಿದ್ದೇವೆ.

ಬಿಲ್ ಮತ್ತು ಕೋರೆಲ್‌ಡ್ರಾ ಕೆಲಸಕ್ಕೆ ವಿಂಡೋಸ್ 11 ಇರುವ ಒಂದು ಹೊಸ ಯಂತ್ರ ತೆಗೆದುಕೊಳ್ಳುತ್ತೇನೆ. ಒಂದು ಹಳೆಯದರಲ್ಲಿ ಭಾವಮೈದುನರೇ ಬಂದು ಲಿನಕ್ಸ್ ಹಾಕಿಕೊಟ್ಟರು, ಪೆನ್‌ಡ್ರೈವ್‌ಗಳೆಲ್ಲ ಅಲ್ಲಿಗೇ ಹೋಗುತ್ತವೆ. ಪೇಜ್‌ಮೇಕರ್ ಇರುವ ಯಂತ್ರದ ಕೇಬಲ್ ತೆಗೆದಿದ್ದೇನೆ. ಉಳಿದವುಗಳನ್ನು ಹೆಚ್ಚುವರಿ ಅಪ್‌ಡೇಟ್‌ಗೆ ನೋಂದಾಯಿಸಿದ್ದಾಯಿತು.

ವಿದ್ಯಾನಗರದ ಮೇಡಂ ಹೇಳಿದ ಪರಿವರ್ತನೆಯನ್ನೂ ಆರಂಭಿಸಿದ್ದೇನೆ. ಮೊದಲು ತೆಗೆದುಕೊಂಡದ್ದು 2006ರ ಒಂದು ಲಗ್ನಪತ್ರಿಕೆ. ಎಲ್ಲ ಸರಿಯಾಗಿ ಬಂತು, ಆದರೆ ಅರ್ಕಾವತ್ತು ಇದ್ದಲ್ಲೆಲ್ಲ ಕೆಟ್ಟಿದೆ. ನುಡಿಯಲ್ಲಿ ಅರ್ಕಾವತ್ತಿನ ಚೂರು ಅಕ್ಷರದ ನಂತರ ಕೂತಿರುತ್ತದೆ, ಯುನಿಕೋಡ್‌ನಲ್ಲಿ 'ರ್' ಮೊದಲು ಬರಬೇಕು. ನಾನು ಬಳಸಿದ ಪರಿವರ್ತಕ ಅದನ್ನು ಹಿಂದಕ್ಕೆ ತರುತ್ತಿಲ್ಲ. 'ಧರ್ಮಪತ್ನಿ', 'ಆಶೀರ್ವಾದ', 'ಮುಹೂರ್ತ' ಮೂರೂ ಪದಗಳನ್ನು ಕೈಯಿಂದ ತಿದ್ದಬೇಕಾಯಿತು. ಸಾವಿರಾರು ಪತ್ರಿಕೆಗಳಿರುವುದರಿಂದ ಕೈಯಿಂದ ತಿದ್ದುವುದು ಆಗದ ಮಾತು. ಮೇಡಂ, ತಾವು ಯಾವ ಪರಿವರ್ತಕ ಬಳಸುತ್ತೀರಿ ಎಂದು ತಿಳಿಸುವಿರಾ?

ಪುಸ್ತಕ ವಿನ್ಯಾಸ, ವಿದ್ಯಾನಗರ, ದಾವಣಗೆರೆ

ಒಂದು ಮಾದರಿ ಫೈಲನ್ನು ಪೆನ್‌ಡ್ರೈವ್‌ನಲ್ಲಿ ತಂದುಕೊಡಿ, ಜೊತೆಗೆ ಅದರಲ್ಲಿ ಬಳಸಿದ ಫಾಂಟ್‌ನ ಪೂರ್ಣ ಹೆಸರನ್ನೂ ಬರೆದು ತನ್ನಿ. ನುಡಿಯ ಬೇರೆ ಬೇರೆ ಆವೃತ್ತಿಗಳ ಫೈಲ್‌ಗಳಿದ್ದರೆ ಒಂದೊಂದು ಮಾದರಿ ಇರಲಿ. ಶನಿವಾರ ಮಧ್ಯಾಹ್ನ ನಾನು ಮನೆಯಲ್ಲಿಯೇ ಇರುತ್ತೇನೆ; ಅರ್ಕಾವತ್ತನ್ನು ಒಟ್ಟಿಗೆ ತಿದ್ದುವ ವಿಧಾನವನ್ನು ನಿಮ್ಮ ಫೈಲ್ ಮೇಲೆಯೇ ತೋರಿಸುತ್ತೇನೆ.